ಸ್ಪಷ್ಟನೆ: ಕಷಾಯದಿಂದ ಕ್ಯಾನ್ಸರ್ ಗಡ್ಡೆ ಕರಗುವುದಿಲ್ಲ

‘ರೋಗನಿರೋಧಕ ಶಕ್ತಿ ಕುಂದಿದವರಿಗಷ್ಟೇ ಕ್ಯಾನ್ಸರ್ ಬರುತ್ತದೆ, ಅಮೃತಬಳ್ಳಿ ಕಷಾಯ ಕುಡಿದರೆ ಗಡ್ಡೆ ತಾನೇ ಕರಗುತ್ತದೆ, ಕಿಮೋ ಬೇಡ’ ಎಂಬ ಸಂದೇಶ ಜಮಖಂಡಿ, ಮುಧೋಳ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ನಮ್ಮ ಓಣಿಯ ಅಜ್ಜಿಯೊಬ್ಬರು ಇದನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಲದಲ್ಲಿ ದಿನವಿಡೀ ದುಡಿಯುವ ಗಟ್ಟಿ ಆಳಿಗೂ ಕ್ಯಾನ್ಸರ್ ಬರುತ್ತದೆ. ರೋಗದೊಂದಿಗೆ ಹೋರಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಎಷ್ಟೋ ಸಲ ಗಡ್ಡೆಯ ಒಳಗೇ ಹೋಗಿರುತ್ತವೆ. ಅಲ್ಲಿ ಗಡ್ಡೆ ಅವನ್ನು ಹತ್ತಿಕ್ಕುತ್ತದೆ. ಟಿ ಕೋಶದ ಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ದೇಹ ತನ್ನ ಮೇಲೆ ತಾನೇ ದಾಳಿ ಮಾಡದಿರಲಿ ಎಂದು ಇರುವ ಬ್ರೇಕ್ ಅದು. ಹಲವು ಗಡ್ಡೆಗಳು ಪಿಡಿ-ಎಲ್1 ಎಂಬ ಪ್ರೋಟೀನಿನಿಂದ ಆ ಬ್ರೇಕನ್ನೇ ಒತ್ತಿ ಹಿಡಿಯುತ್ತವೆ. ಸುತ್ತಲಿನ ಗ್ಲೂಕೋಸ್ ಹೀರಿ, ಲ್ಯಾಕ್ಟಿಕ್ ಆಮ್ಲ ಹೊರಬಿಟ್ಟು ಟಿ ಕೋಶಗಳನ್ನು ಸೊರಗಿಸುತ್ತವೆ. ದಾಳಿಯನ್ನು ತಣಿಸುವ ನಿಯಂತ್ರಕ ಟಿ ಕೋಶಗಳನ್ನೂ ಕರೆಸಿಕೊಳ್ಳುತ್ತವೆ. ಬ್ರೇಕ್ ಒತ್ತಿದ ಕಬ್ಬಿನ ಟ್ರ್ಯಾಕ್ಟರಿಗೆ ಎಷ್ಟು ಡೀಸೆಲ್ ಸುರಿದರೂ ಅದು ಕದಲುವುದಿಲ್ಲ; ಶಕ್ತಿ ಬರಲೆಂದು ಕಷಾಯ ಕುಡಿಯುವುದೂ ಹಾಗೆಯೇ.

ಬ್ರೇಕ್ ಬಿಡಿಸುವ ಔಷಧಗಳಿವೆ. 1992ರಲ್ಲಿ ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಮತ್ತು ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೆ 2018ರ ನೊಬೆಲ್ ಬಂತು. ಆದರೆ ಈ ಔಷಧಗಳು ಎಲ್ಲರಿಗೂ ಫಲಿಸುವುದಿಲ್ಲ. ಕರುಳು, ಶ್ವಾಸಕೋಶ, ಥೈರಾಯ್ಡ್‌ಗೆ ತೊಂದರೆಯೂ ಆಗಬಹುದು. ಯಾರಿಗೆ ಕೊಡಬೇಕೆಂದು ಕ್ಯಾನ್ಸರ್ ತಜ್ಞರೇ ಪರೀಕ್ಷಿಸಿ ಹೇಳಬೇಕು.

ಕಷಾಯ ಕುಡಿಯುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.