ಎಣ್ಣೆಗಾಯಿ ಸೀಳಬ್ಯಾಡ್ರಿ

ಇವತ್ತ ಹುಬ್ಬಳ್ಳ್ಯಾಗ ಒಂದು ಖಾನಾವಳಿಯ ಹೊಸ ಬೋರ್ಡ್ ನೋಡಿ ಹಸಿವೇ ಹೋತು. ‘ಎಣ್ಣೆ ಗಾಯಿ, ಜೋಳದರೊಟ್ಟಿ, ಉಳ್ಳಾ ಗಡ್ಡಿ’. ಕೂಡಿಸಿ ಬರೀಬೇಕಾದ್ದನ್ನ ಸೀಳ್ಯಾರ, ಬಿಡಿಸಬೇಕಾದ್ದನ್ನ ಅಂಟಿಸ್ಯಾರ!

‘ಗಾಯಿ’ ಅಂದರ ಏನ್ರಿ? ಎಣ್ಣೆಗೆ ಕಾಯಿ ಕೂಡಿದಾಗ ‘ಕ’ ಹೋಗಿ ‘ಗ’ ಬರತೈತಿ. ಸಾಲ್ಯಾಗ ಆದೇಶ ಸಂಧಿ ಅಂತ ಬಾಯಿಪಾಠ ಮಾಡಿದ್ದು ಇದನ್ನ. ಮಳೆಗೆ ಕಾಲ ಕೂಡಿ ಮಳೆಗಾಲ, ಬೆಟ್ಟಕ್ಕ ತಾವರೆ ಕೂಡಿ ಬೆಟ್ಟದಾವರೆ, ಕಣ್ಣಿಗೆ ಪನಿ ಕೂಡಿ ಕಂಬನಿ. ಕ-ತ-ಪ ಇದ್ದದ್ದು ಗ-ದ-ಬ ಆತಂದರ ಎರಡನೇ ಪದ ಒಂಟಿಯಾಗಿ ನಿಲ್ಲಂಗಿಲ್ಲ. ನಡುವ ಸ್ಪೇಸ್ ಹೊಡದ್ರ ಕೈಯಾಗ ಉಳಿಯೋದು ಗಾಯಿ, ಗಾಲ, ದಾವರೆ!

ಅಕ್ಷರ ಬದಲಾಗದಿದ್ದರ? ಬದನಿಕಾಯಾಗ ‘ಕ’ ಹಂಗ ಐತಿ, ಆದರೂ ಅದು ಒಂದೇ ಪದ. ಅದಕ್ಕ ಇನ್ನೊಂದು ಪರೀಕ್ಷೆ ಐತಿ. ನಡುವ ಒಂದು ವಿಶೇಷಣ ತುರುಕಿ ನೋಡ್ರಿ. ‘ಜೋಳದ ಬಿಸಿ ರೊಟ್ಟಿ’ ಅನ್ನಬಹುದು, ಹಂಗಾಗಿ ಅವು ಎರಡು ಪದ. ‘ಬದನಿ ಸಣ್ಣ ಕಾಯಿ’ ಅಂತ ಯಾರಂತಾರ? ‘ಸಣ್ಣ ಬದನಿಕಾಯಿ’ ಅಂತಾರ. ತೆಂಗಿನಕಾಯಾಗ ‘ಇನ’ ಅನ್ನೋ ಷಷ್ಠಿ ಪ್ರತ್ಯಯ ಎದ್ದು ಕಾಣತೈತಿ, ಆದರೂ ‘ತೆಂಗಿನ ದೊಡ್ಡ ಕಾಯಿ’ ಕೇಳಿರೇನು? ಕೂಡಿ ಗಟ್ಟಿಯಾದ ಪದ ಅದು.

ಗಟ್ಟಿಯಾದ ಮ್ಯಾಲೆ ಅರ್ಥನೂ ಹಳೇದು ಉಳಿಯಂಗಿಲ್ಲ. ಕೈಗಡ ಅಂದರ ಕಾಗದ-ಪತ್ರ ಇಲ್ಲದ ಸಾಲ. ‘ಹಳೇ ಕೈಗಡ’ ಅಂದಾಗ ಹಳೇದಾದದ್ದು ಕಡ, ಕೈ ಅಲ್ಲ. ಇಂಥಾ ತತ್ಪುರುಷ ಸಮಾಸದಾಗ ಯಜಮಾನಿಕೆ ಕೊನೇ ಪದದ್ದು. ಹೊಲಮನಿ ಅಂದರ ದ್ವಂದ್ವ, ಎರಡೂ ಸಮಸಮ. ಮುಕ್ಕಣ್ಣ ಅಂದಾಗ ಮಾತು ಮೂರಕ್ಕೂ ಅಲ್ಲ, ಕಣ್ಣಿಗೂ ಅಲ್ಲ, ಶಿವನಿಗೆ, ಅದು ಬಹುವ್ರೀಹಿ. ಕಾಗೆಬಂಗಾರದಾಗಂತೂ ಕಾಗೆನೂ ಇಲ್ಲ, ಬಂಗಾರನೂ ಇಲ್ಲ, ಇರೋದು ಅಭ್ರಕ. ಅದನ್ನ ‘ಕಾಗೆ ಬಂಗಾರ’ ಅಂತ ಸೀಳಿದರ ಓದೋರು ಕಾಗಿ ಕೊರಳಾಗ ಸರ ಹುಡುಕಬೇಕು.

‘ಉದ್ದ ಪದ ಓದಾಕ ತ್ರಾಸ, ಬಿಡಿಸಿದರ ಸಲೀಸು’ ಅಂತ ಫ್ಲೆಕ್ಸ್ ಅಂಗಡಿಯವರ ವಾದ. ಎಣ್ಣೆಗಾಯಿ ಉದ್ದ ಏನ್ರಿ? ನಾಕೇ ಅಕ್ಷರ! ಖರೇ ಕಾರಣ ಬೇರೆ. ಮೊಬೈಲ್ ಕೀಬೋರ್ಡ್ ತೋರಿಸಿದ ಪದ ಒತ್ತಿದ ಕೂಡಲೇ ಅದರ ಹಿಂದ ಸ್ಪೇಸ್ ತಾನಾಗೇ ಬೀಳತೈತಿ. ಗಿರಾಕಿ ಹಂಗ ವಾಟ್ಸಾಪ್ ಮಾಡ್ತಾನ, ಇವರು ಹಂಗ ಪ್ರಿಂಟ್ ತಗೀತಾರ. ಪ್ರೂಫ್ ನೋಡೋದು ಫೋಟೋ ಚಲೋ ಬಂದೈತೋ ಇಲ್ಲೋ ಅಂತ ಅಷ್ಟ.

ಇನ್ನ ಕಮೆಂಟಿಗೆ ಪಂಡಿತರು ಬರ್ತಾರ, ಸಂಸ್ಕೃತ-ಕನ್ನಡ ಕೂಡಿಸಿದರ ಅರಿಸಮಾಸ, ದೋಷ ಅಂತ. ಆದರ ಬಿರುದಾವಳಿಯೊಳಗ, ಅಂದರ ಬಿರುದುಗಳ ಸಾಲಿನಾಗ, ಅದು ನಡೀತೈತಿ ಅಂತ 13ನೇ ಶತಮಾನದಾಗ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದಾನ. ಎಣ್ಣೆನೂ ಕನ್ನಡ, ಕಾಯಿನೂ ಕನ್ನಡ. ಇಲ್ಲಿ ಅದರ ಮಾತ ಬ್ಯಾಡ. ಮೊದಲ ಆ ಸ್ಪೇಸ್ ತಗೀರಿ.