ಫಲಿತಾಂಶದ ಪಟ್ಟಿಯಲ್ಲಿ ಇಲ್ಲದ ಅಂಕಣಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನಮ್ಮಲ್ಲಿ ಫಲಿತಾಂಶ ವಿಮರ್ಶಾ ಸಭೆ ನಡೆಯುತ್ತಿತ್ತು. ಇಪ್ಪತ್ತಾರು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ, ಕೊನೆಗೆ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು ಅಂಥ ಸಭೆಗಳಲ್ಲಿ ಹಲವು ಬಾರಿ ಕುಳಿತಿದ್ದೇನೆ, ಒಮ್ಮೆ ಎದ್ದು ನಿಂತು ಉತ್ತರವನ್ನೂ ಕೊಟ್ಟಿದ್ದೇನೆ. ಶಾಲೆಗಳ ಹೆಸರುಗಳನ್ನು ಶೇಕಡಾವಾರು ಕ್ರಮದಲ್ಲಿ ಪರದೆಯ ಮೇಲೆ ತೋರಿಸಿ, ಕೆಳಗಿನ ಶಾಲೆಗಳ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ಎಬ್ಬಿಸಲಾಗುತ್ತಿತ್ತು. ಆ ವರ್ಷ ನನ್ನ ಪಕ್ಕದಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿಯೊಬ್ಬರು, ಜೂನ್‌ನಿಂದ ಡಿಸೆಂಬರ್‌ವರೆಗೆ ತಮ್ಮ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರೇ ಇರಲಿಲ್ಲವೆಂದು ಹೇಳಹೊರಟಾಗ, "ನೆಪ ಬೇಡ ಮೇಡಂ, ಮುಂದಿನ ವರ್ಷ ಎಷ್ಟು ತರುತ್ತೀರಿ, ಅದನ್ನು ಹೇಳಿ" ಎಂಬ ಮಾತು ಬಂತು. ಅವರು ತಲೆ ತಗ್ಗಿಸಿ "ಎಂಬತ್ತು ಸರ್" ಎಂದರು. ಹಾಜರಿದ್ದವರೊಬ್ಬರು ಅದನ್ನು ಬರೆದುಕೊಂಡರು. ಇಂಗ್ಲಿಷ್ ಶಿಕ್ಷಕರು ಯಾವಾಗ ಬರುತ್ತಾರೆಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ.

ಶಾಲೆಗಳು ಲೆಕ್ಕ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಜನರ ತೆರಿಗೆಯಿಂದ ಸಂಬಳ ಪಡೆಯುವವರು ಲೆಕ್ಕ ಕೊಡಲೇಬೇಕು. ಕೂಲಿಗೆ ಹೋಗುವ ತಾಯಿ ಒಂದು ದಿನದ ದುಡಿಮೆ ಬಿಟ್ಟು ಶಾಲೆಗೆ ಬಂದು "ನನ್ನ ಮಗಳಿಗೆ ಏನು ಕಲಿಸಿದ್ದೀರಿ" ಎಂದು ಕೇಳುವುದು ಕಷ್ಟ, ಆದ್ದರಿಂದ ಅವಳ ಪರವಾಗಿ ಇಲಾಖೆ ಕೇಳಬೇಕು, ಗಟ್ಟಿಯಾಗಿಯೇ ಕೇಳಬೇಕು. ನನ್ನ ತಕರಾರು ಇಲಾಖೆ ಕೈಯಲ್ಲಿ ಹಿಡಿದಿರುವ ಅಳತೆಗೋಲಿನ ಬಗ್ಗೆ ಮಾತ್ರ.

2023ರಿಂದ 2025ರವರೆಗಿನ ಮೂರು ವರ್ಷಗಳ ಅಂಕಿಗಳನ್ನೇ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ಅಧಿಕಾರಿಗಳು ನೇರವಾಗಿ ನೋಡುವ ವ್ಯವಸ್ಥೆ ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದು ಕೂಡ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಕನಿಷ್ಠ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟ 2025ರಲ್ಲಿ, ವರ್ಷದ ಮೂರು ಪರೀಕ್ಷೆಗಳಲ್ಲಿ ಮೊದಲನೆಯದಾದ ಪರೀಕ್ಷೆ-1ರ ಫಲಿತಾಂಶ ಶೇ. 62.34ಕ್ಕೆ ಬಂತು. 2023ರಲ್ಲಿ ಶೇ. 75.49 ಇದ್ದ ಯಾದಗಿರಿ ಮರುವರ್ಷ ಶೇ. 50.59ಕ್ಕೆ ಕುಸಿಯಿತು, 2023ರಲ್ಲಿ ರಾಜ್ಯಕ್ಕೇ ಮೊದಲಿದ್ದ ಚಿತ್ರದುರ್ಗ ಮರುವರ್ಷ ಮೊದಲ ಹತ್ತರೊಳಗೂ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಶಿಕ್ಷಕರೆಲ್ಲ ಪಾಠ ಮರೆತರೆಂದು ನಂಬಲು ಸಾಧ್ಯವೇ? ಶಾಲೆಗಳು ಹೆಚ್ಚುಕಡಿಮೆ ಹಿಂದಿನಂತೆಯೇ ಇದ್ದವು, ಪರೀಕ್ಷೆಯ ಬಿಗಿ ಬದಲಾಗಿತ್ತು. ವೆಬ್‌ಕಾಸ್ಟಿಂಗನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಕಿಟಕಿಯಿಂದ ಚೀಟಿ ಒಳಬರುವುದನ್ನು ಕಣ್ಣಾರೆ ಕಂಡವನು ನಾನು. ಆದರೆ ಅದಕ್ಕೂ ಮುನ್ನ ಎಷ್ಟೋ ವರ್ಷ ಇದೇ ಶೇಕಡಾವಾರಿನ ಮೇಲೆ ಕೆಲವರಿಗೆ ಸನ್ಮಾನವನ್ನೂ ಕೆಲವರಿಗೆ ಕಾರಣ ಕೇಳಿ ನೋಟಿಸನ್ನೂ ಕೊಟ್ಟೆವಲ್ಲ, ಅದರಲ್ಲಿ ಎಷ್ಟು ನ್ಯಾಯವಾಗಿತ್ತೆಂದು ಯಾರೂ ಮರುಪರಿಶೀಲಿಸಿಲ್ಲ.

ಅನುದಾನಿತ ಶಾಲೆಗೆ ವೇತನಾನುದಾನ ನಿಲ್ಲುವ ಭಯ, ಸರ್ಕಾರಿ ಶಾಲೆಗೆ ನೋಟಿಸಿನ ಭಯ ಹಿಡಿದಾಗ ಶಾಲೆಯೊಳಗೆ ನಡೆಯುವುದೇ ಬೇರೆ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಮಕ್ಕಳ ಪಟ್ಟಿ ಮೂರು ಭಾಗವಾಗುತ್ತದೆ: ಹೇಗೂ ಪಾಸಾಗುವವರು, ಅಂಚಿನಲ್ಲಿರುವವರು, ಕೈಬಿಟ್ಟವರು. ಜನವರಿಯಿಂದ ಎಲ್ಲ ಶ್ರಮವೂ ಅಂಚಿನವರ ಮೇಲೆ. ಪಾಸಾಗಲು ಬೇಕಾದಷ್ಟನ್ನೇ ಆಯ್ದ ಪಾಸಿಂಗ್ ಪ್ಯಾಕೇಜ್ ಹಿಡಿದು, ರಚನೆಯ ಲೆಕ್ಕ, ನಕ್ಷೆ, ಚಿತ್ರ, ಕಂಠಪಾಠದ ಪದ್ಯಗಳನ್ನು ಬೆಳಿಗ್ಗೆ ಸಂಜೆ ಬರೆಸುತ್ತೇವೆ. ಚೆನ್ನಾಗಿ ಓದುವ ಹುಡುಗಿ ಕೇಳಿದ ಪ್ರಶ್ನೆಗೆ ಆಗ ಸಮಯ ಇರುವುದಿಲ್ಲ, ಕೊನೆಯ ಬೆಂಚಿನವನ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಸಹಶಿಕ್ಷಕನಾಗಿದ್ದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಕೊನೆಗೆ ಮೂವರು ಹುಡುಗರ ಪಾಲಕರನ್ನು ಕರೆಸಿ, ಟಿಸಿ ತೆಗೆದುಕೊಂಡು ಹೋಗಿ, ಮುಂದೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ ಎಂದು ಹೇಳಿ ಕಳುಹಿಸಲಾಯಿತು. ಮರುವರ್ಷ ನಮ್ಮ ಫಲಿತಾಂಶ ಏರಿತು. ಆ ದಿನ ನಾನು ಸುಮ್ಮನಿದ್ದೆ, ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಇನ್ನೊಬ್ಬ ಹುಡುಗನ ವಿಷಯ ಹೇಳಬೇಕು. ಸುಗ್ಗಿಯ ಕಾಲಕ್ಕೆ ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬದವನು. ಎಂಟನೇ ತರಗತಿಗೆ ಸೇರಿದಾಗ ಸೇತುಬಂಧದ, ಅಂದರೆ ಹಿಂದಿನ ತರಗತಿಗಳ ಕಲಿಕೆಯ ಕೊರತೆ ತುಂಬುವ ವರ್ಷಾರಂಭದ ಕಾರ್ಯಕ್ರಮದ, ನೈದಾನಿಕ ಪರೀಕ್ಷೆಯ ಹಾಳೆಯಲ್ಲಿ ತನ್ನ ಹೆಸರನ್ನಷ್ಟೇ ಬರೆದಿದ್ದ, ಅದರಲ್ಲೂ ಒತ್ತಕ್ಷರ ಬಿಟ್ಟುಹೋಗಿತ್ತು. ನಮ್ಮ ಕನ್ನಡ ಶಿಕ್ಷಕಿ ಎರಡು ವರ್ಷ ಮಧ್ಯಾಹ್ನದ ಊಟವಾದ ಮೇಲೆ ಅವನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಓದಿಸಿದರು. ಹತ್ತನೇ ತರಗತಿಯ ಫೆಬ್ರವರಿಯ ಹೊತ್ತಿಗೆ ಅವನು ಪ್ರಾರ್ಥನೆಯ ಸಮಯದಲ್ಲಿ ದಿನಪತ್ರಿಕೆಯ ಸುದ್ದಿ ಓದುತ್ತಿದ್ದ, ಸಮಾಂತರ ಶ್ರೇಢಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ. ಗಣಿತದಲ್ಲಿ 41 ಬಂತು, ಇಂಗ್ಲಿಷ್ ಮತ್ತು ವಿಜ್ಞಾನದಲ್ಲಿ ಅನುತ್ತೀರ್ಣನಾದ. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ದೊಡ್ಡ ಕಲಿಕೆ ಅದು, ಮತ್ತು ವಿಮರ್ಶಾ ಸಭೆಯ ಪರದೆಯ ಮೇಲೆ ಅದು ಒಂದು ಫೇಲು.

ಆ ಹಾದಿಯನ್ನು ಅಳೆಯಲು ಬರುವುದಿಲ್ಲವೆಂದು ಯಾರೂ ಹೇಳಬಾರದು. ಸೇತುಬಂಧದ ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ, ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ, ಎಂಟಕ್ಕೆ ಎಲ್ಲಿದ್ದ ಮಗು ಹತ್ತಕ್ಕೆ ಎಲ್ಲಿಗೆ ಬಂತೆಂದು ನೋಡಬಹುದು. ಇಂಗ್ಲೆಂಡಿನಲ್ಲಿ 2016ರಿಂದ, ಹನ್ನೊಂದನೇ ವಯಸ್ಸಿನಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳು ಹದಿನಾರಕ್ಕೆ ಎಷ್ಟು ಮುಂದೆ ಬಂದರೆಂಬುದನ್ನು ಹೋಲಿಸಿ ಶಾಲೆಯನ್ನು ಅಳೆದಿದ್ದಾರೆ. ಅದರಲ್ಲಿ ಮನೆಯ ಬಡತನ ಲೆಕ್ಕಕ್ಕೆ ಬರುವುದಿಲ್ಲವೆಂಬ ಟೀಕೆ ಇದೆ, ಅದು ಸರಿಯಾದ ಟೀಕೆಯೇ. ಶಾಲೆಯೊಂದಕ್ಕೆ ಒಂದೇ ಪದದ ದರ್ಜೆ ಕೊಡುವ ಪದ್ಧತಿಯನ್ನೂ ಅಲ್ಲಿನ ತಪಾಸಣಾ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಇದನ್ನು ಮಾಡುವುದಾದರೆ ಎಂಟನೇ ತರಗತಿಯ ಆರಂಭದ ಪರೀಕ್ಷೆಯನ್ನು ಬೇರೆ ಶಾಲೆಯ ಶಿಕ್ಷಕರು ಮೌಲ್ಯಮಾಪನ ಮಾಡಬೇಕು. ಇಲ್ಲವಾದರೆ ಮುಂದೆ ಪ್ರಗತಿ ಹೆಚ್ಚಾಗಿ ಕಾಣಲೆಂದು ಆರಂಭದ ಅಂಕವನ್ನೇ ಕಡಿಮೆ ಹಾಕುವ ಆಸೆ ಹುಟ್ಟುತ್ತದೆ.

ಇದಕ್ಕಿಂತಲೂ ಮೊದಲು ಆಗಬೇಕಾದ ಕೆಲಸವೊಂದಿದೆ, ಅದಕ್ಕೆ ಯಾವ ತಂತ್ರಾಂಶವೂ ಬೇಡ. ಶಾಲೆಯ ಶೇಕಡಾವಾರಿನ ಪಕ್ಕದಲ್ಲೇ ಇನ್ನು ಕೆಲವು ಅಂಕಣಗಳನ್ನು ಅಚ್ಚು ಹಾಕಬೇಕು. ಎಂಟನೇ ತರಗತಿಗೆ ಸೇರಿದವರು ಎಷ್ಟು, ಅವರಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತವರು ಎಷ್ಟು, ಯಾವ ವಿಷಯಕ್ಕೆ ಶಿಕ್ಷಕರು ಯಾವ ತಿಂಗಳಿನಿಂದ ಇದ್ದರು, ಅತಿಥಿ ಶಿಕ್ಷಕರು ಯಾವಾಗ ಬಂದರು, ಬೇರೆ ಕರ್ತವ್ಯಕ್ಕೆ ಶಿಕ್ಷಕರು ಹೋದ ದಿನಗಳು ಎಷ್ಟು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಆ ಸಮೀಕ್ಷೆ ಅಗತ್ಯವೇ ಇರಬಹುದು, ಆದರೆ ಮನೆ ಮನೆ ತಿರುಗಿದ ಶಿಕ್ಷಕಿಗೆ ಮೇ ತಿಂಗಳಲ್ಲಿ ನೋಟಿಸ್ ಕೊಡುವಾಗ ಆ ದಿನಗಳ ಲೆಕ್ಕವೂ ಕಾಗದದ ಮೇಲಿರಬೇಕು. ಹುದ್ದೆ ಖಾಲಿ ಬಿಟ್ಟವರಿಗೆ ನೋಟಿಸ್ ಹೋಗುವ ವ್ಯವಸ್ಥೆ ನಮ್ಮಲ್ಲಿಲ್ಲ. ಕನಿಷ್ಠ ಖಾಲಿ ಇತ್ತೆಂಬ ಸಂಗತಿಯಾದರೂ ಫಲಿತಾಂಶದ ಜೊತೆಯಲ್ಲೇ ಪಾಲಕರ ಕಣ್ಣಿಗೆ ಬೀಳಲಿ.

ನಮ್ಮೂರಿನ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕಳೆದ ತಿಂಗಳು ಇದನ್ನೇ ಕೇಳಿದೆ. ಅಧ್ಯಕ್ಷರು ಟ್ರ್ಯಾಕ್ಟರ್ ಓಡಿಸುವವರು, ಪೂರ್ತಿ ಕೇಳಿಸಿಕೊಂಡು "ಬರೆಸೋಣ ಸರ್, ಅದರಾಗೇನದ" ಎಂದರು. ಈಗ ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಹಾಕಿ, ಆರು ವಿಷಯಗಳ ಹೆಸರು ಬರೆಸಿದ್ದಾರೆ. ಐದರ ಮುಂದೆ ಶಿಕ್ಷಕರ ಹೆಸರಿದೆ. ವಿಜ್ಞಾನದ ಮುಂದೆ "ಜೂನ್‌ನಿಂದ ಖಾಲಿ" ಎಂದಿದೆ. ಅದರ ಫೋಟೊ ತೆಗೆದು, ಪಾಲಕರ ಸಹಿಗಳೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದು ಬಂದಿದ್ದೇವೆ.