ಬೊಂಬಾಯಿಯಲ್ಲಿ ಆನೆ ಹುಡುಕಿದ್ದು

ನಮ್ಮಪ್ಪ ಹಿಂದಿಯಲ್ಲಿ ‘ರಾಷ್ಟ್ರಭಾಷಾ’ ಪರೀಕ್ಷೆಯವರೆಗೆ ಪಾಸು ಮಾಡಿದ್ದರು. ಅದರಿಂದ 1999ರ ಮೇ ತಿಂಗಳವರೆಗೆ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ. ಆ ತಿಂಗಳು ನಾವೆಲ್ಲ ಬೊಂಬಾಯಿ ನೋಡೋಕೆ ಹೊರಟೆವು.

ನಾವು ಅಂದರೆ ಅಪ್ಪ, ಅಮ್ಮ, ಅಪ್ಪನ ಅಮ್ಮ ಅಂದರೆ ಅಜ್ಜಿ, ನಾನು, ನನ್ನ ತಮ್ಮ. ತೀರ್ಥಹಳ್ಳಿ ಕಡೆಯ ಹಳ್ಳಿಯವರು. ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಮಾಟುಂಗಾದ ಒಂದು ಹೋಟೆಲಲ್ಲಿ ಕೆಲಸಕ್ಕಿದ್ದ. ಮನೆ ದೂರದ ಡೊಂಬಿವಲಿಯಲ್ಲಿ, ಒಂದು ರೂಮು ಒಂದು ಅಡುಗೆಮನೆ. ಕೊಂಕಣ ರೈಲು ಆಗಿ ವರ್ಷ ಕಳೆದಿತ್ತಷ್ಟೆ. ಉಡುಪಿಯಲ್ಲಿ ಮಧ್ಯಾಹ್ನದ ಮೇಲೆ ಹತ್ತಿದರೆ ಬೆಳಗಾಗುವಾಗ ಕುರ್ಲಾ. "ಇನ್ನೂ ಯಾಕೆ ಬರಲ್ಲ ಭಾವ?" ಅಂತ ಮಾವ ಇನ್‌ಲ್ಯಾಂಡ್ ಲೆಟರ್ ಬರೆದ. ಏನೇನು ನೋಡಬೇಕು, ಯಾವತ್ತು ಹೋಗಬೇಕು, ಯಾವತ್ತು ಹೋಗಬಾರದು, ಎಲ್ಲ ಅದರಲ್ಲೇ ಇತ್ತು. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು. ಆ ಕಾಗದವನ್ನು 200 ಪುಟದ ನೋಟ್ ಬುಕ್ಕಿನೊಳಗೆ ಇಟ್ಟುಕೊಂಡರು, ರೈಲಲ್ಲಿ ಕೂತು ಟೈಮ್ ಟೇಬಲ್ ಹಾಕೋಣ ಅಂತ.

ಅದೇ ಬ್ಯಾಗಿನಲ್ಲಿ ಮಾವನಿಗೆ ಅಂತ ಒಂದು ಗಾಜಿನ ಬಾಟ್ಲಿ ಮಿಡಿ ಉಪ್ಪಿನಕಾಯಿಯೂ ಇತ್ತು. ಅದನ್ನು ಅಲ್ಲಿ ಇಟ್ಟವರು ಯಾರು ಅನ್ನೋದು ನಮ್ಮನೆಯಲ್ಲಿ ಇವತ್ತಿಗೂ ಇತ್ಯರ್ಥ ಆಗಿಲ್ಲ.

ಆಗುಂಬೆ ಘಾಟಿಗೆ 14 ತಿರುವು. ತಮ್ಮ ಆರನೇ ತಿರುವಿಗೇ ಬೆಳಗ್ಗಿನ ಕಡುಬನ್ನು ಕಿಟಕಿಯಿಂದ ಹೊರಗೆ ಬಿಟ್ಟ. ಬಾಟ್ಲಿಯ ಮುಚ್ಚಳ ಯಾವ ತಿರುವಿಗೆ ಕೈಕೊಟ್ಟಿತೋ ಗೊತ್ತಿಲ್ಲ. ಉಡುಪಿ ಸ್ಟೇಷನ್ನಿನಲ್ಲಿ ಬ್ಯಾಗು ತೆರೆದರೆ ಒಳಗೆಲ್ಲ ಕೆಂಪು ರಸ. ಮಿಡಿಗಳು ಮಾತ್ರ ಒಂದೂ ಒಡೆಯದೆ ಬಾಟ್ಲಿಯಲ್ಲೇ ಕೂತಿದ್ದವು. ಅಪ್ಪ ಕಾಗದವನ್ನು ಬೈರಾಸಿನಲ್ಲಿ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದರು. ಮಾವನ ಶಾಯಿಯಲ್ಲಿ ಅರ್ಧಕ್ಕರ್ಧ ಉಪ್ಪಿನಕಾಯಿ ಪಾಲಾಗಿತ್ತು. ಒಂದು ಸಾಲಿನಲ್ಲಿ "ಎಲಿಫೆಂಟಾ" ಅಂತ ಕಾಣುತ್ತಿತ್ತು, ಪಕ್ಕದಲ್ಲಿ "ಸೋಮವಾರ" ಅಂತಲೂ ಇತ್ತು. ಅದರ ಮುಂದೆ ಬರೀ ಖಾರ. ಅಪ್ಪ ಹೊಸ ಪುಟ ತೆಗೆದು ಚೊಕ್ಕವಾಗಿ ಬರೆದರು: ‘ಸೋಮವಾರ, ಎಲಿಫೆಂಟಾ.’

"ಅಲ್ಲಿ ಎಷ್ಟು ಆನೆ ಇದ್ದಾವಂತೆ?" ಅಜ್ಜಿ ಕೇಳಿದಳು.

"ಆನೆ ಇಲ್ಲಮ್ಮ. ಗುಹೆ. ಶಿವನ ದೊಡ್ಡ ಮೂರ್ತಿ ಇದೆ, ಮೂರು ಮುಖದ್ದು, ಹತ್ತಿರ ಹತ್ತಿರ 20 ಅಡಿ ಎತ್ತರ."

"ಆನೆ ಇಲ್ದೆ ಸುಮ್ನೆ ಆನೆ ಹೆಸರು ಇಡ್ತಾರಾ ಮಾರಾಯ?"

ಅಪ್ಪ ಉತ್ತರ ಕೊಡಲಿಲ್ಲ. ಅವರ ಮನಸ್ಸೆಲ್ಲ ಕೊರಳಲ್ಲಿದ್ದ ಕ್ಯಾಮೆರಾದಲ್ಲಿತ್ತು. ಡ್ರಾಯಿಂಗ್ ಮೇಷ್ಟ್ರ ಹತ್ತಿರ ಕೇಳಿ ತಂದದ್ದು. ರೀಲಿಗೆ 36 ಫೋಟೋ. ರೇಷನ್ ಸಕ್ಕರೆ ಅಳೆಯುವ ಹಾಗೆ ಲೆಕ್ಕ ಹಾಕಿ ತೆಗೆಯಬೇಕು ಅಂತ ನಮಗೆಲ್ಲ ಪಾಠ ಆಗಿತ್ತು. ರತ್ನಾಗಿರಿ ಹತ್ತಿರ ಪಾನ್ವಲ್ ಸೇತುವೆ ಬರುತ್ತದೆ, 64 ಮೀಟರ್ ಎತ್ತರ, ಅದನ್ನು ಬಿಡೋಕಾಗಲ್ಲ ಅಂತ ನಡುರಾತ್ರಿ ಎದ್ದು ಕೂತರು. ಹೊರಗೆ ಕಗ್ಗತ್ತಲು. ಕಗ್ಗತ್ತಲಿಗೇ ಫ್ಲ್ಯಾಶ್ ಹೊಡೆದರು. ಒಂದಲ್ಲ, ಮೂರು. ಆ ಮೂರೂ ಫೋಟೋ ಈಗಲೂ ಆಲ್ಬಮ್ಮಿನಲ್ಲಿವೆ. ಮೂರರಲ್ಲೂ ರೈಲಿನ ಕಿಟಕಿಯ ಸರಳು ಬಹಳ ಸ್ಪಷ್ಟವಾಗಿ ಬಂದಿದೆ.

ಭಾನುವಾರ ಬೆಳಿಗ್ಗೆ ಮಾವ ಕುರ್ಲಾಕ್ಕೆ ಬಂದು ಕರೆದುಕೊಂಡು ಹೋದ. ಅವನಿಗೆ ರಜೆ ಇದ್ದದ್ದು ಅವತ್ತೊಂದೇ ದಿನ. ಮಿಕ್ಕ ದಿನ ನಸುಕಿನಲ್ಲೇ ಹೋಟೆಲಿಗೆ ಹೋಗಬೇಕು. ರಾತ್ರಿ ಚಾಪೆ ಹಾಸುವಾಗ, "ನಾಳೆ ಎಲ್ಲಿಗೆ ಭಾವ?" ಅಂತ ಕೇಳಿದ.

"ಎಲ್ಲ ನಿನ್ನ ಕಾಗದದ ಪ್ರಕಾರವೇ."

"ಹಾಗಾದ್ರೆ ಸರಿ. ಬರುವಾಗ ವಿಟಿ ಸ್ಟೇಷನ್ನಲ್ಲಿ ಫಾಸ್ಟ್ ಲೋಕಲ್ ಹತ್ತಿ. ಸ್ಲೋ ಹತ್ತಿದ್ರೆ ಎಲ್ಲಾ ಕಡೆ ನಿಲ್ಲಿಸ್ತಾನೆ."

ಇಷ್ಟು ಹೇಳಿ ಅವನು ಮಲಗಿಬಿಟ್ಟ.

ಮರುದಿನ ರಶ್ ಕಳೆದ ಮೇಲೆ ಹೊರಟು ವಿಟಿಗೆ, ಅಂದರೆ ವಿಕ್ಟೋರಿಯಾ ಟರ್ಮಿನಸ್ಸಿಗೆ ಬಂದೆವು. ಹೆಸರು ಬದಲಾಗಿ ಛತ್ರಪತಿ ಶಿವಾಜಿ ಟರ್ಮಿನಸ್ ಆಗಿ ಮೂರು ವರ್ಷ ಆಗಿತ್ತು, ಆದರೂ ಎಲ್ಲರ ಬಾಯಲ್ಲಿ ವಿಟಿಯೇ. ಹೊರಗೆ ಬಂದು ತಿರುಗಿ ನೋಡಿದ ಅಜ್ಜಿ, ಚಪ್ಪಲಿ ಬಿಟ್ಟು ಕಟ್ಟಡಕ್ಕೆ ಕೈಮುಗಿದಳು. ಗುಮ್ಮಟದ ತುದಿಯಲ್ಲಿ ಒಂದು ಹೆಂಗಸಿನ ಮೂರ್ತಿ ಇದೆ. ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ಚಕ್ರ.

"ಇದು ರೈಲ್ವೆ ಸ್ಟೇಷನ್ ಅಮ್ಮ. 1888ರಲ್ಲಿ ಕಟ್ಟಿ ಮುಗಿಸಿದ್ದು."

"ಮೇಲೆ ನಿಂತಿರೋ ದೇವಿ ಯಾರು?"

"ಅದು ದೇವಿ ಅಲ್ಲ. ಪ್ರಗತಿ."

"ಪ್ರಗತಿ ಅಂತ ದೇವಿ ಇದ್ದಾಳಾ? ನಾನು ಕೇಳೇ ಇಲ್ಲ," ಅಂತ ಅಜ್ಜಿ ಇನ್ನೊಂದು ಸಲ ಕೈಮುಗಿದಳು.

ಅಲ್ಲೇ ಹತ್ತಿರದ ಒಂದು ಹೋಟೆಲಿಗೆ ನುಗ್ಗಿದೆವು. ಅಪ್ಪನಿಗೆ ಇದು ‘ರಾಷ್ಟ್ರಭಾಷಾ’ದ ಮೊದಲ ಪ್ರಾಕ್ಟಿಕಲ್ ಪರೀಕ್ಷೆ. ಗಂಟಲು ಸರಿ ಮಾಡಿಕೊಂಡು, "ಕೃಪಯಾ ಹಮೇಂ ಪಾಂಚ್ ಪ್ಯಾಲೇ ಚಾಯ್ ಪ್ರದಾನ್ ಕೀಜಿಯೇ" ಅಂದರು. ಸಪ್ಲೈಯರ್ ಹುಡುಗ ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿ, "ಚಾ ಮಾತ್ರ ಸಾಕಾ, ತಿನ್ಲಿಕ್ಕೆ ಎಂತದೂ ಬೇಡ್ವಾ?" ಅಂದ. ಕುಂದಾಪುರದ ಹುಡುಗ! ಅಮ್ಮ ಅಲ್ಲಿಂದ ಮುಂದೆ ಇಡೀ ಬೊಂಬಾಯಿಯ ಜೊತೆ ಕನ್ನಡದಲ್ಲೇ ಮಾತಾಡಿದಳು. ಟ್ಯಾಕ್ಸಿಯವನ ಜೊತೆ, ಬಳೆ ಮಾರುವವಳ ಜೊತೆ, ಪೊಲೀಸಿನವನ ಜೊತೆ ಕೂಡ. ನಿಜ ಹೇಳಬೇಕು ಅಂದರೆ ಅಪ್ಪನಿಗಿಂತ ಅವಳ ಕೆಲಸವೇ ಬೇಗ ಆಗುತ್ತಿತ್ತು.

ಗೇಟ್‌ವೇ ಆಫ್ ಇಂಡಿಯಾದ ಹತ್ತಿರ ಅಪ್ಪ ಕ್ಲಾಸು ಶುರು ಮಾಡಿದರು. ಐದನೇ ಜಾರ್ಜ್ ದೊರೆ 1911ರಲ್ಲಿ ಇಲ್ಲಿಗೆ ಬಂದು ಇಳಿದ, ಅದರ ನೆನಪಿಗೆ ಕಟ್ಟಿದ್ದು, ಮುಗಿಯುವಾಗ 1924.

"ಹಾಗಾದ್ರೆ ರಾಜ ಬರುವಾಗ ಬಾಗಿಲೇ ಇರಲಿಲ್ವಾ?" ಅಂದಳು ಅಜ್ಜಿ.

ಅಪ್ಪ ಸ್ವಲ್ಪ ಯೋಚಿಸಿ, "ಇರಲಿಲ್ಲ" ಅಂದರು. ಅಷ್ಟು ವರ್ಷ ಪಾಠ ಮಾಡಿದ್ದರೂ ಯಾವ ಮಕ್ಕಳೂ ಅವರಿಗೆ ಈ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ದೋಣಿಯವರ ಹತ್ತಿರ ಹೋದೆವು. ಅಪ್ಪ ನೋಟ್ ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು, "ಕ್ಯಾ ಎಲಿಫೆಂಟಾ ಕೇ ಲಿಯೇ ನೌಕಾ ಪ್ರಸ್ಥಾನ್ ಕರೇಗೀ?" ಅಂತ ಕೇಳಿದರು. ಹಗ್ಗ ಸುತ್ತುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ. "ಮಂಡೇ ಬಂದ್ ಹೈ, ಅಂಕಲ್."

ಎಲಿಫೆಂಟಾ ಗುಹೆಗಳಿಗೆ ಪ್ರತಿ ಸೋಮವಾರ ರಜೆ. ಮಾವ ಅದನ್ನೇ ಬರೆದಿದ್ದ, ಕೆಳಗೆ ಗೆರೆ ಎಳೆದು ಬೇರೆ ಬರೆದಿದ್ದನಂತೆ. ಗೆರೆ ಮಾತ್ರ ಉಳಿದಿತ್ತು.

ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ಸಮುದ್ರವನ್ನು ನೋಡಿದಳು. "ನಾನಂತೂ ಬಾಟ್ಲಿ ಕೈಚೀಲದಲ್ಲಿ ಇಡೋಣ ಅಂದಿದ್ದೆ" ಅಂದಳು, ಸಮುದ್ರಕ್ಕೆ.

ಅರ್ಧ ಗಂಟೆ ಸಮುದ್ರದಲ್ಲೇ ಸುತ್ತಿಸಿಕೊಂಡು ಬರುವ ದೋಣಿ ಇತ್ತು. ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆವು. ದೋಣಿ ಹೊರಟು, ಸುತ್ತು ಹಾಕಿ, ಹತ್ತಿದ ಮೆಟ್ಟಿಲಿಗೇ ತಂದು ನಿಲ್ಲಿಸಿತು. ಅಜ್ಜಿ ಸೆರಗು ಸರಿ ಮಾಡಿಕೊಂಡು ಇಳಿದವಳೇ ಗೇಟ್‌ವೇ ನೋಡಿ, "ಇಲ್ಲೂ ಅಂಥದ್ದೇ ಒಂದು ಬಾಗಿಲು ಕಟ್ಟಿದ್ದಾರಲ್ಲ! ಆನೆ ಎಲ್ಲಿ?" ಅಂದಳು. ವಿವರಿಸಿ ಹೇಳುವ ತ್ರಾಣ ಅಪ್ಪನಲ್ಲಿ ಉಳಿದಿರಲಿಲ್ಲ.

ಮಲಬಾರ್ ಹಿಲ್ಲಿಗೆ ಟ್ಯಾಕ್ಸಿ ಮಾಡಿದೆವು. ಕಪ್ಪು ಹಳದಿ ಬಣ್ಣದ ಪದ್ಮಿನಿ ಕಾರು. ಹೊರಗೆ ಎಡಗಡೆ ಕಬ್ಬಿಣದ ಮೀಟರು. ಇಳಿಯುವಾಗ ಮೀಟರಿನಲ್ಲಿ ನಾಲ್ಕು ರೂಪಾಯಿ ಚಿಲ್ಲರೆ ತೋರಿಸುತ್ತಿತ್ತು. ಅಪ್ಪನ ಮುಖ ಬೆಳಗ್ಗೆಯಿಂದ ಮೊದಲ ಸಲ ಅರಳಿತು. ಐದರ ನೋಟು ಕೊಟ್ಟು, ಚಿಲ್ಲರೆ ನೀವೇ ಇಟ್ಟುಕೊಳ್ಳಿ ಅಂತ ದೊಡ್ಡ ಮನಸ್ಸಿನಿಂದ ಕೈ ಬೀಸಿದರು. ಡ್ರೈವರ್ ಬೈಯಲಿಲ್ಲ, ನಗಲೂ ಇಲ್ಲ. ಒಂದು ಮಾಸಲು ಕಾರ್ಡು ತೆಗೆದು, ಬೆರಳಿಟ್ಟು ತೋರಿಸಿದ. ಮೀಟರು ಹಳೇ ಕಾಲದ್ದು, ರೇಟು ಹೊಸದು. ಮೀಟರಿನಲ್ಲಿ ಇಷ್ಟು ಇದ್ದರೆ ಕೊಡಬೇಕಾದ್ದು ಇಷ್ಟು ಅಂತ ಆ ಕಾರ್ಡಿನಲ್ಲಿ ನೋಡಿಕೊಳ್ಳಬೇಕು. ನಾಲ್ಕು ಚಿಲ್ಲರೆಯ ಎದುರಿಗೆ ಐವತ್ತು ಚಿಲ್ಲರೆ ಇತ್ತು. ಮಗ್ಗಿ ತಪ್ಪಿದ ಹುಡುಗನ ಹಾಗೆ ಅಪ್ಪ ಆ ಕಾರ್ಡನ್ನು ಎರಡೂ ಕಡೆ ತಿರುಗಿಸಿ ಓದಿದರು.

ಹ್ಯಾಂಗಿಂಗ್ ಗಾರ್ಡನ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಮ್ಮ ಊರಿನಲ್ಲಿ ಎಲ್ಲರಿಗೂ ‘ತೂಗುವ ತೋಟ ನೋಡಿ ಬರ್ತೀನಿ’ ಅಂತ ಹೇಳಿ ಬಂದಿದ್ದಳು. ಹೋಗಿ ನೋಡಿದರೆ ಪಾರ್ಕು ನೆಲದ ಮೇಲೇ ಇದೆ. ಗಿಡಗಳನ್ನು ಆನೆ, ಎತ್ತು ಅಂತ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ್ದಾರೆ. "ಕೆಳಗೆ ನೀರಿನ ದೊಡ್ಡ ಟ್ಯಾಂಕು ಇದೆ, ಅದರ ಮೇಲೆ ತೋಟ ಮಾಡಿದ್ದಾರೆ, ಅದಕ್ಕೇ ಹಾಗಂತಾರೆ" ಅಂದರು ಅಪ್ಪ. "ನಮ್ಮನೆ ಟ್ಯಾಂಕಿನ ಮೇಲೆ ನಾನೂ ಬಸಳೆ ಹಬ್ಬಿಸಿದ್ದೀನಿ" ಅಂದಳು ಅಮ್ಮ. ಅಜ್ಜಿಗೆ ಗಿಡದ ಆನೆ ತೋರಿಸಿದೆ. "ಇದು ಕ್ರೋಟನ್ನು" ಅಂತ ತಳ್ಳಿಹಾಕಿದಳು.

ಸಂಜೆ ವಿಟಿ. ಜನ ನಡೆಯುತ್ತಿರಲಿಲ್ಲ, ಹರಿಯುತ್ತಿದ್ದರು. ಪ್ಲಾಟ್‌ಫಾರಮ್ಮಿನ ಮೇಲೆ ತೂಗುಹಾಕಿದ ಬೋರ್ಡುಗಳಲ್ಲಿ ಒಂದು ಅಕ್ಷರ, ಹೊರಡುವ ಟೈಮು, ಆಮೇಲೆ ಇನ್ನೊಂದು ಅಕ್ಷರ. ಒಂದು ಕಡೆ ‘ಟಿ’ ಮತ್ತು ‘ಎಸ್’ ಇತ್ತು. ಅಪ್ಪ ಒಂದು ನಿಮಿಷ ಅಧ್ಯಯನ ಮಾಡಿ, "ಇದೇ. ಹತ್ತಿ" ಅಂದರು.

"ಟಿ ಅಂದ್ರೆ ಏನಪ್ಪ?"

"ಟ್ರೈನು."

"ಎಸ್ ಅಂದ್ರೆ?"

"ಸೂಪರ್ ಫಾಸ್ಟ್."

"ಆ ಕಡೆ ಎಫ್ ಅಂತ ಇದೆಯಲ್ಲ?"

"ಅದು ಫಸ್ಟ್ ಕ್ಲಾಸ್. ನಮ್ಮದು ಸೆಕೆಂಡ್ ಕ್ಲಾಸ್ ಟಿಕೆಟು."

ಟಿ ಅಂದರೆ ಥಾಣೆ, ಡೊಂಬಿವಲಿಗಿಂತ ಮೊದಲೇ ಆ ರೈಲು ಕೊನೆಯಾಗುವ ಸ್ಟೇಷನ್. ಎಸ್ ಅಂದರೆ ಸ್ಲೋ. ಇದು ನಮಗೆ ತಿಳಿಯುವ ಹೊತ್ತಿಗೆ ಒಂದು ಗಂಟೆ ಮೀರಿತ್ತು. ಅಮ್ಮ, ಅಜ್ಜಿ, ನಾನು ಲೇಡೀಸ್ ಡಬ್ಬಿ ಹತ್ತಿದೆವು. ಅಪ್ಪ, ತಮ್ಮ ಪಕ್ಕದ್ದಕ್ಕೆ. ರೈಲು ಮಸ್ಜಿದ್ ಸ್ಟೇಷನ್ ಬಂದರೂ ನಿಂತಿತು, ಬೈಕುಲಾ ಬಂದರೂ ನಿಂತಿತು, ಯಾವುದು ಬಂದರೂ ನಿಂತಿತು. ನಮ್ಮೂರ ಬಸ್ಸಿನಂತೆ ಎಲ್ಲರನ್ನೂ ಮಾತಾಡಿಸಿಕೊಂಡೇ ಹೋಗುತ್ತಿತ್ತು.

ಎದುರಿಗೆ ಒಬ್ಬಳು ಹೆಂಗಸು, ಆಫೀಸಿನಿಂದ ಬಂದವಳು, ಕೂತವಳೇ ಬ್ಯಾಗಿನಿಂದ ಎರಡು ಕಟ್ಟು ಮೆಂತೆ ಸೊಪ್ಪು ತೆಗೆದಳು. ಮಡಿಲಲ್ಲಿ ಪೇಪರ್ ಹಾಸಿಕೊಂಡು ಸೋಸೋಕೆ ಶುರು. ಅಜ್ಜಿ ಎರಡು ಸ್ಟೇಷನ್ ತಡೆದುಕೊಂಡಳು. ಮೂರನೆಯದಕ್ಕೆ ಕೈ ಚಾಚಿ ಒಂದು ಕಟ್ಟು ಎತ್ತಿಕೊಂಡು, ಬೇರು ಮುರಿದು, ಹಳದಿ ಎಲೆ ತೆಗೆದು, ಎಳೆ ಕಡ್ಡಿ ಬೇರೆ ಬಲಿತದ್ದು ಬೇರೆ ಮಾಡಿದಳು. ಆ ಹೆಂಗಸು ಮರಾಠಿಯಲ್ಲಿ ಏನೋ ಹೇಳಿದಳು. ಅಜ್ಜಿ, "ಕಡ್ಡಿ ಬಿಸಾಡಬೇಡ, ತಂಬುಳಿಗೆ ಆಗುತ್ತೆ" ಅಂದಳು. ಇಬ್ಬರೂ ತಲೆ ಆಡಿಸಿದರು. ಒಂದೆಲೆಯೂ ಕೆಳಗೆ ಬೀಳದ ಹಾಗೆ ಕೆಲಸ ಮುಗಿಯಿತು.

ಥಾಣೆಯಲ್ಲಿ ಎಲ್ಲರೂ ಇಳಿದರು. ಮೆಂತೆಯವಳು ಅಜ್ಜಿಯ ಕೈ ಹಿಡಿದು ನಮ್ಮನ್ನೂ ಇಳಿಸಿದಳು. ಅಪ್ಪ ಇಳಿಯಲಿಲ್ಲ. ಖಾಲಿಯಾದ ಡಬ್ಬಿಯಲ್ಲಿ ಕಿಟಕಿ ಪಕ್ಕ ಆರಾಮಾಗಿ ಕಾಲು ಚಾಚಿ ಕೂತಿದ್ದರು. ಬೇರೆ ಜನ ಹತ್ತಿದರು. ಅಮ್ಮ, "ರೀ! ರೀ!" ಅಂತ ಕೂಗುತ್ತಾ ಓಡುವಾಗ ರೈಲು ಹೊರಟೇಬಿಟ್ಟಿತು, ಬಂದ ದಾರಿಗೇ, ವಾಪಸ್ ವಿಟಿಗೆ. ತಮ್ಮ ಕಿಟಕಿಯಿಂದ ನಮಗೆ ಟಾಟಾ ಮಾಡಿದ.

ಮೊಬೈಲ್ ಇಲ್ಲದ ಕಾಲ. ನನಗೆ ಅಳು ಬಂತು. ಅಮ್ಮ ಬೆಂಚಿನ ಮೇಲೆ ಕೂತು ಚಕ್ಕುಲಿ ಡಬ್ಬಿ ತೆಗೆದಳು. "ಎಲ್ಲಿಗೆ ಹೋಗ್ತಾರೆ? ಟಿಕೆಟ್ ಅವರ ಹತ್ರ ಇದೆ, ದುಡ್ಡು ನನ್ನ ಹತ್ರ ಇದೆ. ಬರ್ತಾರೆ." ನಲವತ್ತು ನಿಮಿಷಕ್ಕೆ ಬಂದರು. ಅಂಗಿಯ ಎರಡು ಗುಂಡಿ ಇರಲಿಲ್ಲ.

"ಎಲ್ಲಿಗೆ ಹೋಗಿದ್ರಿ?"

"ಮುಲುಂಡ್ ನೋಡ್ಕೊಂಡು ಬಂದ್ವಿ" ಅಂದರು ಅಪ್ಪ, ಮೊದಲೇ ಪ್ಲ್ಯಾನ್ ಇದ್ದವರ ಹಾಗೆ.

ಮಂಗಳವಾರ ಮಧ್ಯಾಹ್ನದ ಮೇಲೆ ನಮ್ಮ ರೈಲು. ಎಲಿಫೆಂಟಾಕ್ಕೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ಬೈಕುಲಾದ ರಾಣಿ ಬಾಗಿನ ಝೂಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಂದ ಮಾವ. ಹೋದೆವು. ಅಲ್ಲೇ ಪಕ್ಕದಲ್ಲಿ ಒಂದು ಹಳೇ ಮ್ಯೂಸಿಯಂ, ಅದರ ಹೊರಗೆ ತೋಟದಲ್ಲಿ ಒಂದು ಕಲ್ಲಾನೆ. ಮೈಯೆಲ್ಲ ಬಿರುಕು, ತೇಪೆ ಹಾಕಿದ ಹಾಗೆ. ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದಳು. ಆಮೇಲೆ ಪಕ್ಕ ನಿಂತು, "ನಂದೊಂದು ಫೋಟೋ ತೆಗಿ ಮಾರಾಯ" ಅಂದಳು. ರೀಲಿನಲ್ಲಿ ಒಂದೇ ಒಂದು ಉಳಿದಿತ್ತು. "ಎಲ್ಲಿದೋ ಕಲ್ಲಿಗೆಲ್ಲ ರೀಲು ಹಾಳು ಮಾಡೋಕಾಗಲ್ಲಮ್ಮ" ಅಂದರು ಅಪ್ಪ. ಆ ಒಂದು ಫೋಟೋ ಕುರ್ಲಾ ಸ್ಟೇಷನ್ನಿನ ಬೋರ್ಡಿಗೆ ಹೋಯಿತು.

ಹತ್ತು ಹನ್ನೊಂದು ವರ್ಷದ ಮೇಲೆ ನಾನು ಕೆಲಸದ ಮೇಲೆ ಬೊಂಬಾಯಿಗೆ ಹೋಗಿದ್ದೆ. ಅದೇ ಮ್ಯೂಸಿಯಂ ಈಗ ಥಳಥಳ ಅನ್ನುತ್ತಿತ್ತು. ಆನೆ ಮಾತ್ರ ಅದೇ ಬಿರುಕಿನಲ್ಲಿ ನಿಂತಿತ್ತು. ಅದರ ಕಥೆ ನನಗೆ ಗೊತ್ತಾದದ್ದು ಆಗಲೇ. ಅದು ಮೊದಲು ಇದ್ದದ್ದು ಘಾರಾಪುರಿ ದ್ವೀಪದಲ್ಲಿ. ಅದನ್ನು ನೋಡಿಯೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಅಂತ ಕರೆದದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸೋಣ ಅಂತ ಎತ್ತುವಾಗ ಕ್ರೇನು ಮುರಿದು ಆನೆ ಬಿದ್ದು ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದು, 1914ರಲ್ಲಿ ಜೋಡಿಸಿ ನಿಲ್ಲಿಸಿದರು.

ಅಲ್ಲಿಂದಲೇ ಮನೆಗೆ ಫೋನ್ ಮಾಡಿ ಅಜ್ಜಿಗೆ ಕೊಡಿ ಅಂದೆ. ಎಲ್ಲ ಹೇಳಿದೆ.

"ಅವತ್ತು ರೈಲು ಹತ್ತುವಾಗಲೇ ಹೇಳಿದ್ನಲ್ಲ, ಆನೆ ಇಲ್ದೆ ಹೆಸರು ಇಡಲ್ಲ ಅಂತ" ಅಂದಳು ಅಜ್ಜಿ. "ಒಂದು ಫೋಟೋ ತೆಗಿ ಅಂದ್ರೆ ತೆಗೀಲಿಲ್ಲ ನಿಮ್ಮಪ್ಪ. ತಗೋ, ಅವನಿಗೇ ಹೇಳು."

ಅಪ್ಪ ಫೋನು ತಗೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ಇದನ್ನೆಲ್ಲ ಅಲ್ಲಿ ಹಿಂದಿಯಲ್ಲೂ ಬರೆದು ಹಾಕಿದ್ದಾರಾ?"